ಅಬ್ಬಿಗೆ ಬೇಲಿ ಹಾಕಿದ ದೊರೆ

ಒಂದಾನೊಂದು ಕಾಲದಲ್ಲಿ, ಅಂದ್ರೆ ನಿನ್ನ ಈ ಮಾವನಂಥ ಶೂರ ಇನ್ನೂ ಹುಟ್ಟದೆ ಲೋಕ ಹೆಂಗೋ ದಿನ ತಳ್ಳುತ್ತಿದ್ದ ಕಾಲದಲ್ಲಿ, ದಟ್ಟ ಕಾಡಿನ ನಡುವೆ ಒಂದು ಅಬ್ಬಿ ಧುಮುಕುತ್ತಿತ್ತಂತೆ ಮೈನಾ. ಅದರ ಬುಡದಲ್ಲಿ ಬಂಡೆ ಕೊರೆದು ಮೂರು ಮಡು ಆಗಿದ್ದವಂತೆ, ಒಂದರ ಕೆಳಗೊಂದು. ಮೇಲಿನದು ಕುಡಿಯೋಕೆ, ನಡುವಿನದು ಈಜೋಕೆ, ಕೆಳಗಿನದು ಎಮ್ಮೆಗಳಿಗೆ. ಅಬ್ಬಿ ಪಕ್ಕದ ಕೇರಿಯಲ್ಲಿ ಹುಟ್ಟಿದ ಮಗುವಿನ ಪಾದ ನಡುವಿನ ಮಡುವಿಗೆ ತಾಗಿಸಿದ ಮೇಲೇನೇ ಹೆಸರಿಡೋದಂತೆ.

ಅಲ್ಲಿಗೊಬ್ಬ ದೊರೆ ಬಂದನಂತೆ. ಬಂದವನು ಈಜಿ ಹೋಗಬೇಕೋ ಬೇಡವೋ? ಇಲ್ಲ, ಇದೆಲ್ಲ ನಂದು ಅಂತ ಬೇಲಿ ಹಾಕಿಸಿದನಂತೆ! ಹರಿಯೋ ನೀರಿಗೆ ಬೇಲಿ! ಸಾಲದು ಅಂತ ಮೈಗೆಲ್ಲ ಎಣ್ಣೆ ಬಳಕೊಂಡು ಕುಡಿಯೋ ಮಡುವಿಗೇ ಇಳಿದನಂತೆ, ಥೂ!

ಬುದವಂತಿ ಅನ್ನೋ ಅಜ್ಜಿ ಹನ್ನೆರಡು ದಿನದ ಮೊಮ್ಮಗಳನ್ನು ಎತ್ಕೊಂಡು ಬಂದು, ಒಂದು ಪಾದ ಅದ್ದಿ ಹೋಗ್ತೀವಿ ಒಡೆಯಾ, ಅಂದಳಂತೆ. ಆಗೋದಿಲ್ಲ, ನೀರು ಕೊಳೆಯಾಗ್ತದೆ, ಅಂದನಂತೆ. ಯಾರು? ಆ ಎಣ್ಣೆ ಗಡಿಗೆ! ಆಮೇಲೆ ಮಗು ಬೋರಲು ಬಿದ್ದಾಗ ಬಂದಳಂತೆ. ಆಗೋದಿಲ್ಲ. ಆಮೇಲೆ ಹಲ್ಲು ಬಂದಾಗ ಬಂದಳಂತೆ. ಆಗೋದಿಲ್ಲ. ಹಲ್ಲು ಬಂದ ಕೂಸಿಗೆ ಹೆಸರಿಲ್ಲ, ಊರೆಲ್ಲ 'ಏ' ಅಂತ ಕರೀತಿತ್ತಂತೆ! ನಾನಿದ್ದಿದ್ದರೆ ಅವನ ಕಿರೀಟದಲ್ಲಿ ಗಂಜಿ ಕಾಯಿಸ್ತಿದ್ದೆ.

ಈ ಸಲ ಅಜ್ಜಿ, ಬಂಡೆ ಪಾಚಿ ಕಟ್ಟಿದೆ ಒಡೆಯಾ, ನಾವು ಬಂಡೆ ಉಜ್ಜದೆ ನೀರಿಗಿಳಿದವರಲ್ಲ, ಅದನ್ನಾದರೂ ಉಜ್ಜಿ ಹೋಗ್ತೀವಿ, ಅಂದಳಂತೆ. ದೊರೆ ಧಿಗ್ಗನೆ ಎದ್ದು ನಿಂತು, ಮುಟ್ಟಬೇಡ! ನನ್ನ ಬಂಡೆ, ನನ್ನ ಪಾಚಿ! ಅಂತ ಆ ಪಾಚಿ ಮೇಲೇ ಕಾಲು ಅಪ್ಪಳಿಸಿದನಂತೆ.

ಸರ್ರ್! ಮೇಲಿನ ಮಡುವಿಂದ ನಡುವಿನದಕ್ಕೆ, ಅಲ್ಲಿಂದ ಸರ್ರ್ ಅಂತ ಎಮ್ಮೆಗಳ ನಡುವೆ! ಕಾವಲಿನವರು ನಗು ತಡೀಲಾರದೆ ಬೇಲಿ ಹಿಡಕೊಂಡರಂತೆ, ಬೇಲಿಯೂ ಬಿತ್ತಂತೆ.

ಹತ್ತೋಕೆ ಹೋದ, ಜಾರಿದ. ಇನ್ನೊಮ್ಮೆ ಹೋದ, ಜಾರಿದ. ಮೂರನೇ ಸಲ ಜಾರಿ, ಕೈ ಕೊಡಮ್ಮಾ, ಅಂತ ಅತ್ತನಂತೆ. ಪಾಚಿ ತಮ್ಮದಲ್ವಾ ಒಡೆಯಾ, ನಾವು ಮುಟ್ಟೋದು ಹೆಂಗೆ? ಅಂತ ಅಜ್ಜಿ ತೆಂಗಿನ ನಾರು ಎಸೆದಳಂತೆ. ಉಜ್ಜಿದನಂತೆ ಮಹಾರಾಯ, ಮಂಡಿ ಊರಿ, ಸಂಜೆವರೆಗೂ.

ಹಂಗೇ ಉಜ್ಜುತ್ತಾ ಅವನು ನಡುವಿನ ಮಡುವಿಗೆ ಬರೋ ಹೊತ್ತಿಗೆ ಅಜ್ಜಿ ಮಗುವಿನ ಪಾದ ನೀರಲ್ಲಿ ಅದ್ದುತ್ತಿದ್ದಳಂತೆ. ನಿಲ್ಲಿ ಅಲ್ಲೇ, ಮೊದಲು ಕೂಸು, ಅಂದಳಂತೆ. ಆಮೇಲೆ ಮೂರು ಸಲ ಆಗೋದಿಲ್ಲ ಅಂದ ಆ ಬಾಯಲ್ಲೇ ಮೂರು ಸಲ 'ಹೊನ್ನಿ, ಹೊನ್ನಿ, ಹೊನ್ನಿ' ಅಂತ ಕೂಸಿನ ಹೆಸರು ಕರೆಸಿ, ಆಮೇಲೇ ದಾರಿ ಬಿಟ್ಟಳಂತೆ.

ಕೇರಿಯವರೆಲ್ಲ ಮಡುವಿಗೆ ಹಾರಿದರು, ಕತೆ ಇಲ್ಲಿಗೆ ಮುಗೀತು. ನನ್ನ ಸಿಟ್ಟು ಮುಗಿದಿಲ್ಲ, ನೀನು ಮಲಕ್ಕೋ.