ಹವಳಮ್ಮ ಮೈ ಉಜ್ಜಿಸಿಕೊಂಡದ್ದು

ದೇವರು ಭೂಮಿಯನ್ನು ಮಾಡಿ ಮುಗಿಸಿ, ಕಡಲಿಗೆ ಹಾಕಿದ ಉಪ್ಪು ಇನ್ನೂ ಸರಿಯಾಗಿ ಕರಗಿರದ ಕಾಲವದು.

ಆಗ ದಡದ ಹತ್ತಿರ ಕಡಲ ತಳದಲ್ಲಿ ಹವಳಮ್ಮ ಹೊಂಬಣ್ಣದಿಂದ ಹೊಳೆಯುತ್ತ ಕೂತಿದ್ದಳು. ಅವಳ ಮೈಮೇಲೆ ತೆಳ್ಳಗೆ ಲೋಳೆ. ಲೋಳೆಯೊಳಗೆ ಕಣ್ಣಿಗೆ ಕಾಣದ ಪುಟ್ಟ ಪುಟ್ಟ ಜೀವಗಳು. ಈಗಿನವರು ಅವನ್ನು ಬ್ಯಾಕ್ಟೀರಿಯಾ ಅನ್ನುತ್ತಾರೆ.

ಒಂದು ವರ್ಷ ಮೋಡವೇ ಬರಲಿಲ್ಲ. ಬಿಸಿಲಿಗೆ ಕಡಲ ನೀರು ಕಾಯಿತು. ಹವಳಮ್ಮನ ಬಣ್ಣ ಮಾಸಿತು. ಯಾಕೆಂದು ಅವಳಿಗೆ ತಿಳಿಯಲಿಲ್ಲ.

"ಮೈಲಿಗೆ ಆಗಿರಬೇಕು," ಅಂದುಕೊಂಡಳು. ಮೊದಲೇ ಮಡಿ ಹೆಂಗಸು. "ಅಲೆಯಪ್ಪಾ, ಈ ಲೋಳೆ ಉಜ್ಜಿ ತೆಗೆ," ಅಂದಳು. ಅಲೆ ಮರಳು ಹಾಕಿ ಉಜ್ಜಿತು.

ಮೈ ಶುದ್ಧವಾಯಿತು. ಬಣ್ಣ ಇನ್ನಷ್ಟು ಮಾಸಿತು. ಮತ್ತೆ ಉಜ್ಜಿಸಿದಳು. ಮತ್ತೆ ಮಾಸಿತು.

"ಮಿಂದಷ್ಟೂ ಸೊರಗುತ್ತೇನಲ್ಲ, ಏಡಿಯಣ್ಣ, ಇದೇನಿದು?" ಎಂದು ಅಲ್ಲೇ ಹರಿದಾಡುತ್ತಿದ್ದ ಏಡಿಯನ್ನು ಕೇಳಿದಳು.

"ನನ್ನನ್ನು ಕೇಳುತ್ತೀರಲ್ಲ ಅಮ್ಮ. ಮುಂದೆ ಹೋಗೋಣ ಅಂತ ಹೊರಟು ಪಕ್ಕಕ್ಕೆ ಹೋಗುವವನು ನಾನು. ಹೀಗೇ ಆದರೆ ನೀವು ಬರೀ ಸುಣ್ಣವಾಗಿ ಉಳಿಯುತ್ತೀರಿ, ಅಷ್ಟು ಗೊತ್ತು."

ದಡದ ಬಂಡೆಗಳ ನಡುವಿನ ಹೊಂಡದಲ್ಲಿ ಹವಳಮ್ಮನ ಸೋದರತ್ತೆ ಇದ್ದಳು. ಅಲ್ಲಿನ ನೀರು ದಿನಾ ಕಾಯುತ್ತಿತ್ತು, ಆದರೂ ಅತ್ತೆಯ ಬಣ್ಣ ಹಾಗೇ ಇತ್ತು. ಏಡಿ ಅಲ್ಲಿಗೆ ಹೋಗಿ ಎಲ್ಲ ಹೇಳಿತು.

"ನೀರು ಕಾದರೆ ನಮ್ಮ ಮೈಯೊಳಗೆ ನಂಜು ಹುಟ್ಟುತ್ತದೆ ಮಾರಾಯ," ಅಂದಳು ಅತ್ತೆ. "ಆ ನಂಜು ತೆಗೆಯುವುದು ಲೋಳೆಯಲ್ಲಿರುವ ಆ ಸಣ್ಣವರು. ಪೆದ್ದಿ, ಅವರನ್ನೇ ತೊಳೆದುಬಿಟ್ಟಳೇ? ಮನೆಯಲ್ಲಿ ಹೆಪ್ಪು ಮುಗಿದರೆ ಪಕ್ಕದ ಮನೆಯಿಂದ ತರುವುದಿಲ್ಲವೇ? ನನ್ನ ಲೋಳೆ ಒಂದು ಚೂರು ಕೊಂಡುಹೋಗಿ ಹಚ್ಚು."

ಏಡಿ ಅದನ್ನು ಕಾಲಿಗೆ ಅಂಟಿಸಿಕೊಂಡು ತಂದಿತು.

ಹವಳಮ್ಮ ಹಿಂದೆ ಸರಿದಳು. "ಮತ್ತೆ ಲೋಳೆಯೇ? ಅದೂ ಇನ್ನೊಬ್ಬರ ಮೈಯದು? ಮಡಿ ಏನಾಗಬೇಕು?"

"ಪಕ್ಕದ ಮನೆ ಹೆಪ್ಪಿನ ಮೊಸರಿನಿಂದ ದೇವರಿಗೆ ಅಭಿಷೇಕ ಮಾಡುವುದಿಲ್ಲವೇ ಅಂತ ಕೇಳಿದ್ದಾರೆ, ನಿಮ್ಮ ಅತ್ತೆ."

ಹವಳಮ್ಮ ಮುಂದೆ ಸರಿದಳು. ಕಣ್ಣು ಮುಚ್ಚಿ ಹಚ್ಚಿಸಿಕೊಂಡಳು. ಅಲೆಗೆ, "ಇನ್ನು ಉಜ್ಜಬೇಡ," ಅಂದಳು.

ಕಡಲೇನೋ ಕಾದೇ ಇತ್ತು. ಆದರೂ ಲೋಳೆ ಮೆಲ್ಲಗೆ ಮೈತುಂಬ ಹರಡಿತು, ಅದರ ಹಿಂದೆ ಮೆಲ್ಲಗೆ ಬಣ್ಣವೂ ಬಂತು. ಯಾವುದು ಕೊಳೆ, ಯಾವುದು ಕಾಪು ಎಂಬುದು ಮಾತ್ರ ಹವಳಮ್ಮನಿಗೆ ಪೂರ್ತಿ ಅರ್ಥವಾಗಲಿಲ್ಲ.

ಅದಕ್ಕೇ ಮಗು, ನೀರು ಇಳಿದಾಗ ತಲೆ ಎತ್ತುವ ಹವಳ ಇವತ್ತಿಗೂ ಆ ಜಾರು ಲೋಳೆಯನ್ನು ಮೈತುಂಬ ಹೊದ್ದುಕೊಂಡೇ ಬಿಸಿಲಿಗೆ ಕೂರುತ್ತದೆ.