ಬಾಗಿಲಿನಿಂದ ಕಂಡ ಮುಖ

ಹೊಳೆದಂಡೆಯ ಆಶ್ರಮದಲ್ಲಿ ವೈದ್ಯ ಕಲಿಯುತ್ತಿದ್ದ ಗುರುಪಾದನಿಗೆ, ಗುರುಗಳು ಊರಲ್ಲಿಲ್ಲದ ದಿನವೇ ಪಂಡಿತನಾಗುವ ಹುಮ್ಮಸ್ಸು ಬಂತು.

ಅಂದು ಕುಂಬಾರರ ಸಂಕಮ್ಮ ಬಂದಿದ್ದಳು. ಅವಳ ಮುಖದ ಚರ್ಮ ದಪ್ಪಗಾಗಿ, ಹಣೆ ಮಡಿಕೆ ಮಡಿಕೆಯಾಗಿ, ಗುರುತೇ ಸಿಗದಂತಾಗಿತ್ತು. ಗುರುಪಾದ ಬಾಗಿಲಲ್ಲೇ ನಿಂತು ನೋಡಿ, ದೊಡ್ಡರೋಗ, ಕುಷ್ಠವೇ, ಅಂದುಬಿಟ್ಟ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬುದು ಕೂಸಿಗೂ ಗೊತ್ತು, ಇವನಿಗೆ ಮರೆತಿತ್ತು.

ಊರಿಗೆ ಅಷ್ಟೇ ಸಾಕಾಯಿತು. ಸಂಜೆಯೊಳಗೆ ಅವಳನ್ನು ಹಳ್ಳದಾಚೆಯ ಗುಡಿಸಲಿಗೆ ಅಟ್ಟಿದರು. ಪುಟ್ಟ ಮಗಳು ಬಂಡೆಯ ಮೇಲೆ ರೊಟ್ಟಿ ಇಟ್ಟು ಹಿಂದೆ ಸರಿಯಬೇಕು, ಆಮೇಲೆ ತಾಯಿ ಬಂದು ಎತ್ತಿಕೊಳ್ಳಬೇಕು. ಅದು ಊರಿನ ಕಟ್ಟಳೆ.

ತಿರುಗಿ ಬಂದ ಶಂಭುಲಿಂಗ ಗುರುಗಳು ಸುದ್ದಿ ಕೇಳಿ, ಹೆಗಲ ಚೀಲವನ್ನೂ ಇಳಿಸಲಿಲ್ಲ.

"ಹುಬ್ಬು ಉದುರಿತ್ತಾ?"

"ನೋಡಲಿಲ್ಲ, ಗುರುಗಳೇ."

"ಮುಟ್ಟಿದ್ದು ಅವಳಿಗೆ ತಿಳೀತಿತ್ತಾ?"

"ಮುಟ್ಟಲಿಲ್ಲ."

"ಮತ್ತೆ ಏನು ನೋಡಿ ಹೇಳಿದೆ?"

"ಮುಖ."

"ದನ ಕೊಳ್ಳೋನು ಕೂಡ ಹತ್ತಿರ ಹೋಗಿ ಹಲ್ಲು ಹಿಡಿದು ನೋಡ್ತಾನಲ್ಲಯ್ಯ."

ಗುರುಗಳು ಸಿಟ್ಟಿನಲ್ಲೇ ಹಳ್ಳದ ಕಡೆ ಬಿರಬಿರನೆ ಹೊರಟರು; ಹಿಂದೆ ಓಡಿಬಂದ ಶಿಷ್ಯನ ಕಡೆ ತಿರುಗಿಯೂ ನೋಡಲಿಲ್ಲ. ಇನ್ನೂ ನಾಲ್ಕು ಬೈದಿದ್ದರೇ ವಾಸಿಯಿತ್ತು ಅನ್ನಿಸಿತು ಗುರುಪಾದನಿಗೆ.

ಗುಡಿಸಲಲ್ಲಿ ಸಂಕಮ್ಮನಿಗೆ ಕಣ್ಣು ಮುಚ್ಚಲು ಹೇಳಿ, ಗುರುಗಳು ಒಂದು ಹಕ್ಕಿಗರಿಯನ್ನು ಶಿಷ್ಯನ ಕೈಗೇ ಕೊಟ್ಟರು. ಹಣೆ, ಕೆನ್ನೆ, ಕಿವಿ, ಅವನು ಸವರಿದಲ್ಲೆಲ್ಲ ಅವಳು ತಪ್ಪದೆ ಬೆರಳಿಟ್ಟು ತೋರಿಸಿದಳು. ಹುಬ್ಬು ಹಾಗೇ ಇತ್ತು. ದೊಡ್ಡರೋಗದಲ್ಲಿ ಆಗುವಂತೆ ಕತ್ತಿನ ನರ ದಪ್ಪಗಾಗಿರಲಿಲ್ಲ. ಹತ್ತಿರದಿಂದ ನೋಡಿದರೆ ಚರ್ಮದ ತುಂಬ ರಾಗಿಕಾಳಿನಂಥ ಸಣ್ಣ ಗಂಟುಗಳು ಸಾಲುಗಟ್ಟಿದ್ದವು.

"ಇದು ಬೇರೆಯೇ ರೋಗ," ಅಂದರು ಗುರುಗಳು. "ನಾನೂ ಹಿಂದೆ ಒಮ್ಮೆ ಕಂಡಿದ್ದೆ ಅಷ್ಟೆ. ಗುಣ ಮಾಡೋದು ಕಷ್ಟ. ಆದರೆ ಅಂಟೋದಲ್ಲ."

ಗುರುಪಾದನ ಕಣ್ಣು ತುಂಬಿತು. ನಾಚಿಕೆಯೂ ಆಯಿತು, ಜೀವಕ್ಕೆ ಸಮಾಧಾನವೂ ಆಯಿತು.

"ಈಗಲೇ ಊರಿಗೆ ಹೇಳಿ ಬರ್ತೀನಿ, ಗುರುಗಳೇ. ದೊಡ್ಡರೋಗ ಅಲ್ಲ ಅಂದ್ರೆ ಇವತ್ತೇ ಮನೆಗೆ ಕರ್ಕೊಳ್ತಾರೆ."

ಹೊರಗೆ ಬಂಡೆಯ ಬಳಿ ಮಗಳು ರೊಟ್ಟಿ ಇಟ್ಟು, ಹೇಳಿಕೊಟ್ಟ ಹಾಗೆ ಹಿಂದೆ ಹಿಂದೆ ಸರಿಯುತ್ತಿದ್ದಳು. ಗುರುಗಳು ಅವಳನ್ನೇ ನೋಡುತ್ತ ನಿಂತಿದ್ದರು.

"ಹೋಗಿ ಹೇಳು," ಅಂದರು. "ಆದರೆ ಆ ರೋಗವೇ ಆಗಿದ್ದಿದ್ದರೂ, ಆ ಮಗು ತಾಯಿಯಿಂದ ಹೀಗೆ ಹಿಂದೆ ಸರೀಬೇಕಿತ್ತಾ?"