ಮುದ್ದೆ ಅಗಿದ ಇಬ್ಬರು

"ಗುರುಗಳೇ, ಉತ್ತರದ ಕಡೆಯಿಂದ ಬಂದಿರುವ ಆ ಬಸಲಿಂಗ ನಮ್ಮವನಾಗುವುದು ಯಾವಾಗ?" ಎಂದು ಶಿಷ್ಯ ಕೆಂಚಯ್ಯ ಕೇಳಿದ. "ಮಠಕ್ಕೆ ಬಂದು ತಿಂಗಳಾಯಿತು. ಇನ್ನೂ ಮುದ್ದೆಯನ್ನು ಅಗಿದು ತಿನ್ನುತ್ತಾನೆ. ಪಂಕ್ತಿಯಲ್ಲಿ ಎಲ್ಲರೂ ನಗುತ್ತಾರೆ."

"ನೀನೂ ನಗುತ್ತೀಯೇನು?"

"ಮೊದಲು ನಗುವವನೇ ನಾನು."

"ಭೇಷ್! ಹಾಗಾದರೆ ಕೂತುಕೋ" ಎಂದು ಗುರುಗಳು ಹೇಳತೊಡಗಿದರು.

ಒಂದು ಹೊಳೆ. ಅದರ ಎರಡು ದಡಗಳಿಗೆ ಇಬ್ಬರು ಅರಸರು. ಯಾಕೆ ಯುದ್ಧ ಎಂದು ಕೇಳಬೇಡ, ಅದು ಅವರಿಗೂ ಮರೆತಿತ್ತು. ದೋಣಿಗಳಲ್ಲಿ ನಿಂತು ಕಾದಾಡುವಾಗ ಪ್ರವಾಹ ಬಂತು, ದೋಣಿಗಳೆಲ್ಲ ಮಗುಚಿದವು. ಈಚೆ ದಡದ ಒಬ್ಬ ಸಿಪಾಯಿಯೂ ಆಚೆ ದಡದ ಒಬ್ಬ ಸಿಪಾಯಿಯೂ ಒಂದೇ ನಡುಗಡ್ಡೆಗೆ ಬಂದು ಬಿದ್ದರು. ಅಂಗಿ, ರುಮಾಲು, ಕತ್ತಿ ಎಲ್ಲವೂ ನೀರುಪಾಲು. ಈಚೆಯವನ ಬೆನ್ನಿನ ತೊಗಲ ಚೀಲದಲ್ಲಿ ರಾಗಿಹಿಟ್ಟು ಮತ್ತು ಒಂದು ಪಾತ್ರೆ ಉಳಿದಿದ್ದವು. ಆಚೆಯವನ ಸೊಂಟದಲ್ಲಿ ಚಕಮಕಿ ಕಲ್ಲು ಉಳಿದಿತ್ತು.

ಎರಡು ದಿನ ಇಬ್ಬರೂ ದುರುಗುಟ್ಟಿ ನೋಡಿಕೊಂಡೇ ಕಳೆದರು. ಒಬ್ಬ ಹಸಿ ಹಿಟ್ಟು ಮುಕ್ಕಿದ. ಇನ್ನೊಬ್ಬ ಹಸಿದ ಹೊಟ್ಟೆಯಲ್ಲಿ ಬೆಂಕಿ ಕಾಯಿಸಿಕೊಂಡ. ಮೂರನೆಯ ದಿನ ಇಬ್ಬರ ಹೊಟ್ಟೆಗಳೇ ಸಂಧಿ ಮಾಡಿಕೊಂಡವು. ಒಬ್ಬ ಪಾತ್ರೆಯನ್ನು ಒತ್ತಿ ಹಿಡಿದ, ಇನ್ನೊಬ್ಬ ಕೋಲಿನಿಂದ ಮುದ್ದೆ ತಿರುವಿದ.

ನಿಜವಾದ ಜಗಳ ಶುರುವಾದದ್ದು ಆಗ ನೋಡು! ಆಚೆ ದಡದವರು ರೊಟ್ಟಿ ತಿನ್ನುವ ಜನ. ಅವನು ಮುದ್ದೆಯನ್ನು ಅಗಿಯುತ್ತ ಕೂತ.

"ಅಯ್ಯೋ ನಿನ್ನ! ಅದು ನುಂಗುವುದು ಕಣೋ!" ಎಂದು ಈಚೆಯವನು ತಲೆ ಚಚ್ಚಿಕೊಂಡ.

"ಹಾಗಾದರೆ ಹಲ್ಲು ಯಾಕಿವೆಯೋ?" ಎಂದು ಅವನು ಕೇಳಿದ.

ದಿನವೂ ಇದೇ ಜಗಳ, ಇದೇ ನಗು. ಎಂಟು ದಿನವಾದರೂ ಅವನಿಗೆ ನುಂಗಲು ಬರಲಿಲ್ಲ.

ಒಂಬತ್ತನೆಯ ದಿನ ಹೊಳೆ ಇಳಿಯಿತು. ಈಚೆ ದಡದ ದಂಡನಾಯಕ ದೋಣಿಯಲ್ಲಿ ಬಂದ. ತನ್ನ ಸಿಪಾಯಿಯ ಗುರುತು ಹಿಡಿದ. "ಇವನು ಯಾರು?" ಎಂದು ಕೇಳಿದ. ಶತ್ರು ಎಂದರೆ ಅವನ ತಲೆ ಹೋಗುತ್ತದೆ. ಸುಳ್ಳು ಸಿಕ್ಕಿಬಿದ್ದರೆ ಇಬ್ಬರ ತಲೆಯೂ ಹೋಗುತ್ತದೆ.

"ನಮ್ಮೂರಿನವನೇ ಸ್ವಾಮಿ. ನೀರಿಗೆ ಬಿದ್ದ ಭಯಕ್ಕೆ ಮಾತು ನಿಂತುಹೋಗಿದೆ" ಎಂದ ಸಿಪಾಯಿ.

ದಂಡನಾಯಕ ಬುತ್ತಿ ಬಿಚ್ಚಿಸಿ ಇಬ್ಬರಿಗೂ ಮುದ್ದೆ ಬಡಿಸಿದ. ಮಾತಿಲ್ಲದಿದ್ದರೇನು, ಬಾಯಿ ಇದೆಯಲ್ಲ, ನಮ್ಮ ದಡದವನಾದರೆ ನುಂಗಲಿ ಎಂದು ನೋಡುತ್ತ ನಿಂತ. ಪಾಪ, ಆಚೆಯವನು ನುಂಗಲು ನೋಡಿದ, ಗಂಟಲಿಗೆ ಸಿಕ್ಕಿತು, ಕೆಮ್ಮಿದ. ಬೇರೆ ದಾರಿಯಿಲ್ಲದೆ ಅಗಿಯತೊಡಗಿದ. ದಂಡನಾಯಕನ ಕೈ ಕತ್ತಿಗೆ ಹೋಯಿತು.

ಆಗ ಪಕ್ಕದಲ್ಲಿ ಚಪ್ಪರಿಸುವ ಸದ್ದು ಕೇಳಿಸಿತು. ಈಚೆ ದಡದ ಸಿಪಾಯಿ, ಹುಟ್ಟಿದಾಗಿನಿಂದ ಮುದ್ದೆ ನುಂಗಿದವನು, ಕಣ್ಣು ಮುಚ್ಚಿಕೊಂಡು ಹಾಯಾಗಿ ಅಗಿಯುತ್ತಿದ್ದ.

"ನಮ್ಮೂರಲ್ಲಿ ಹೀಗೇ ಸ್ವಾಮಿ" ಎಂದ.

ದಂಡನಾಯಕ ಇಬ್ಬರನ್ನೂ ನೋಡಿದ. ಕತ್ತಿಯಿಂದ ಕೈ ತೆಗೆದು ಗಹಗಹಿಸಿ ನಕ್ಕ. "ಎಂಥ ಹಾಳೂರಯ್ಯಾ ನಿಮ್ಮದು! ಹತ್ತಿರೋ ದೋಣಿ" ಎಂದ.

ಕೆಂಚಯ್ಯನೂ ನಕ್ಕ. "ಕತೆ ಚೆನ್ನಾಗಿದೆ ಗುರುಗಳೇ. ಆದರೆ ನಮ್ಮ ಬಸಲಿಂಗ ನುಂಗುವುದನ್ನು ಕಲಿಯುವುದು ಯಾವಾಗ?"

ಅಷ್ಟರಲ್ಲಿ ಊಟದ ಗಂಟೆ ಮೊಳಗಿತು. ಗುರುಗಳು ಎದ್ದು ನಿಂತರು.

"ಅವನ ಚಿಂತೆ ಬಿಡು, ಇವತ್ತು ಪಂಕ್ತಿಯಲ್ಲಿ ಅವನ ಪಕ್ಕ ಕೂತು ನೀನು ಅಗಿ."